ನಾತ ಇಲ್ಲದ ಹರಳಯ್ಯ



ಬಸವಕಲ್ಯಾಣಕ್ಕೆ ಹೋದವರೆಲ್ಲ 108 ಅಡಿ ಬಸವಣ್ಣನ ಮೂರ್ತಿ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬರ್ತಾರೆ. ಅದೇ ಆವರಣದಲ್ಲಿ ಶರಣರ ಗವಿಗಳನ್ನೂ ಕಟ್ಟಿದ್ದಾರೆ. ಶರಣ ಶರಣೆಯರನ್ನ ಮೂರ್ತಿ ಮಾಡಿ ಕೂಡಿಸಿದ್ದಾರೆ. ಮಕ್ಕಳಿಗೆ ಒಂದು ಗವಿಯಿಂದ ಇನ್ನೊಂದಕ್ಕೆ ಓಡೋದೇ ಜಾತ್ರೆ. ನಮ್ಮಂಥವರಿಗೆ ಅಲ್ಲಿ ಬೇರೆಯೇ ಒಂದು ಲೆಕ್ಕ ಅದ. ಚರ್ಮದ ಕೆಲಸ ಮಾಡಿದವನಿಗೆ ಎಲ್ಲಾ ಜಾತಿ ಮಂದಿ ಕೈಮುಗಿಯುವ ಜಾಗ ಈ ದೇಶದಾಗ ಎಷ್ಟಿವೆ?

ರಜೆ ದಿನ ಅಂತ ಹುಮನಾಬಾದಿನಿಂದ ಅವ್ವ, ಹೆಂಡತಿ, ಮಗಳನ್ನ ಕರಕೊಂಡು ಹೋಗಿದ್ದೆ. ಹೈದರಾಬಾದ್–ಸೊಲ್ಲಾಪುರ ಹೆದ್ದಾರಿ ಹಿಡಿದು ಸಸ್ತಾಪುರ ಬಂಗ್ಲಾದಾಗ ತಿರುಗಿದ್ರೆ ಊರು ಬಂದೇಬಿಡ್ತದ.

ಐದನೇ ಕ್ಲಾಸಿನ ಹುಡುಗಿ, ಕಂಡಿದ್ದೆಲ್ಲ ಓದ್ತಾಳೆ. "ಸಮಗಾರ ಹರಳಯ್ಯ!" ಅಂತ ಗವಿ ತುಂಬ ಕೇಳೋ ಹಂಗ ಕೂಗಿದಳು. ಅವ್ವನ ಕೈ ತಟ್ಟನೆ ಅವಳ ಬಾಯಿ ಮೇಲೆ ಹೋಯ್ತು.

"ಮೆಲ್ಲಕ ಅನ್ನವ್ವ, ಮಂದಿ ಅದಾರ."

"ಯಾಕ ಆಯಿ? ಶರಣರ ಹೆಸರು ಅಲ್ಲೇನು?"

ಸುತ್ತ ಇದ್ದ ಮಂದಿ ಏನೂ ಅನ್ನಲಿಲ್ಲ. ಅವರೂ ಅದೇ ಮೂರ್ತಿಗೆ ಕೈಮುಗೀತಿದ್ರು. ಆದ್ರೆ ಅವ್ವನ ಕೈಗೆ ಅದು ಗೊತ್ತಿಲ್ಲ. ಆ ಪದವನ್ನ ಅವಳು ಜನ್ಮವಿಡೀ ಬೈಗುಳವಾಗಿಯೇ ಕೇಳಿದಾಳೆ. ಹರಳಯ್ಯನ ಹಿಂದೆ ಬಂದ್ರೆ ಬಿರುದು ಆಗುವ ಪದ, ಹುಮನಾಬಾದಿನ ಬಸ್ ಸ್ಟ್ಯಾಂಡ್ ಹತ್ರ ಚಪ್ಪಲಿ ಹೊಲಿದು ನನ್ನನ್ನ ಓದಿಸಿದ ಅಪ್ಪನ ಹಿಂದೆ ಬಂದಾಗ ಉಗುಳಿನಂಗ ಬರ್ತಿತ್ತು.

ಆಮೇಲೆ ಅವ್ವ ಆ ಮೂರ್ತಿ ಮುಂದೆ ಬಹಳ ಹೊತ್ತು ನಿಂತಳು. ನಕ್ಕಳು. "ಎಲ್ಲಾ ಬರೋಬರಿ ಅದ. ನಾತ ಒಂದ ಇಲ್ಲ."

ಅವಳ ತವರಮನೆ ಹಿಂದೆ ಚರ್ಮ ಹದ ಮಾಡುವ ಕುಣಿ ಇತ್ತಂತೆ. ಸುಣ್ಣದ ನೀರಿನಾಗ ನೆನೆಹಾಕಿ, ಕೂದಲು ಹೆರೆದು, ತಂಗಡಿ ತೊಗಟೆ ನೀರಿನಾಗ ಮತ್ತೆ ನೆನೆಸಬೇಕು. ಆ ನಾತ ಸೀರೆಗೆ ಹತ್ತಿದ್ರೆ ಹೋಗೋದಿಲ್ಲ. ಬಾವಿ ಹತ್ರ ನಿಂತ್ರೆ ಮಂದಿ ಮೂಗು ಮುಚ್ಚಿಕೊಂಡು ದೂರ ಸರೀತಿದ್ರು. ಅವ್ವ ಅಂದದ್ದು ಇಷ್ಟೇ: "ನಾತ ಇದ್ದಿದ್ರ ಇಷ್ಟು ಮಂದಿ ನಿಂತು ಫೋಟೊ ತೆಗೀತಿದ್ರೇನು?"

ಗೆಳೆಯರೇ, ನನ್ನ ತಕರಾರು ಮೂರ್ತಿ ಮೇಲಲ್ಲ. ಮೂರ್ತಿ ಬೇಕು. ನನ್ನ ಮಗಳು ಆ ಹೆಸರನ್ನ ಹೆದರದೆ ಕೂಗಿದ್ದು ಅದು ಅಲ್ಲಿ ಇದ್ದದ್ದಕ್ಕೇ. ನನ್ನ ಮಾತು ನಾವು ಹೇಳುವ ಕಥೆ ಬಗ್ಗೆ.

ಹರಳಯ್ಯನ ಕಥೆ ಎರಡು ಅದಾವ. ಮೊದಲನೇದು ಎಲ್ಲರಿಗೂ ಬಾಯಿಪಾಠ. ಹರಳಯ್ಯ "ಶರಣು" ಅಂದ್ರೆ ಬಸವಣ್ಣ "ಶರಣು ಶರಣಾರ್ಥಿ" ಅಂದ. ಒಂದು ಶರಣು ಹೆಚ್ಚಾಯ್ತು, ಆ ಋಣ ತೀರಿಸಬೇಕು ಅಂತ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಚಪ್ಪಲಿ ಮಾಡಿ ಕೊಟ್ಟರು. ಎರಡನೇದು ಮದುವೆ ಕಥೆ. ಹರಳಯ್ಯನ ಮಗ ಶೀಲವಂತನಿಗೆ ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳನ್ನ ಕೊಟ್ಟು ಮದುವೆ ಆಯ್ತು. ಬಿಜ್ಜಳನ ಆಳ್ವಿಕೆಯಲ್ಲಿ ಹರಳಯ್ಯ, ಮಧುವರಸ ಇಬ್ಬರಿಗೂ ಎಳೆಹೂಟೆ ಶಿಕ್ಷೆ. ಆನೆ ಕಾಲಿಗೆ ಕಟ್ಟಿ ಇದೇ ಕಲ್ಯಾಣದ ಬೀದಿಯಲ್ಲಿ ಎಳೆಸಿದರು ಅಂತ ಪರಂಪರೆ ಹೇಳ್ತದ.

ಚಪ್ಪಲಿ ಕಥೆಯಲ್ಲಿ ನಮ್ಮವನು ಕೊಡ್ತಾನೆ, ಮೈಚರ್ಮವನ್ನೇ ಕೊಡ್ತಾನೆ. ಕೊಡುವ ದಲಿತ ಎಲ್ಲರಿಗೂ ಇಷ್ಟ. ಮದುವೆ ಕಥೆಯಲ್ಲಿ ಅವನು ಬೀಗನಾಗಿ ಸಮಕ್ಕೆ ಕೂಡ್ತಾನೆ. ಆಗ ಆನೆ ಬರ್ತದ.

ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ' ಬರೆದಾಗ ಸಹಭೋಜನ ಸಾಲದು, ಜಾತಿಗೆ ನಿಜವಾದ ಮದ್ದು ಅಂತರ್ಜಾತಿ ಮದುವೆ ಅಂದರು. ಆ ಮದ್ದನ್ನ ಹನ್ನೆರಡನೇ ಶತಮಾನದಾಗೇ ಕುಡಿದು ಪ್ರಾಣ ಕೊಟ್ಟವರು ನಮ್ಮ ಪಕ್ಕದೂರಿನವರು.

ಈಗ ಕಲ್ಯಾಣದ ಹೆಸರು ಎಲ್ಲಾ ಕಡೆ ಅದ. 2021ರ ಜನವರಿ 6ರಂದು ನೂತನ ಅನುಭವ ಮಂಟಪಕ್ಕೆ ಅಡಿಗಲ್ಲು ಬಿತ್ತು, 770 ಕಂಬಗಳ ಯೋಜನೆ. 2024ರ ಜನವರಿಯಲ್ಲಿ ಸರ್ಕಾರ ಬಸವಣ್ಣನನ್ನ ಸಾಂಸ್ಕೃತಿಕ ನಾಯಕ ಅಂತ ಘೋಷಿಸಿತು. ಎರಡೂ ಸಂತೋಷ. ಆದ್ರೆ ಕಂಬ ಎಷ್ಟು ಅನ್ನೋದಕ್ಕಿಂತ ಕಂಬದ ನಡುವೆ ಯಾರ ಪಕ್ಕ ಯಾರು ಕೂಡ್ತಾರೆ, ಅಲ್ಲಿಂದ ಎದ್ದು ಯಾರ ಮನೆಗೆ ಬೀಗತನಕ್ಕೆ ಹೋಗ್ತಾರೆ ಅನ್ನೋದು ಮುಖ್ಯ.

ಅದಕ್ಕೇ ಒಂದು ಮನವಿ. ಕಲ್ಯಾಣಕ್ಕೆ ಮಕ್ಕಳನ್ನ ಕರಕೊಂಡು ಹೋಗ್ರಿ. ಚಪ್ಪಲಿ ಕಥೆಗೇ ನಿಲ್ಲಿಸಬೇಡ್ರಿ, ಮದುವೆ ಕಥೆನೂ ಹೇಳ್ರಿ. ಹರಳಯ್ಯನಿಗೆ ಕೈಮುಗಿದು ಬಂದ ನಿಮ್ಮ ಗೆಳೆಯರಿಗೆ ಒಂದೇ ಪ್ರಶ್ನೆ ಕೇಳ್ರಿ: ಅವನ ಮನೆಗೆ ಹೆಣ್ಣು ಕೊಡ್ತೀರೇನು? ಉತ್ತರ ತಡವಾದ್ರೆ ಕಾಯ್ರಿ. ಪ್ರಶ್ನೆ ಮಾತ್ರ ವಾಪಸ್ ತಗೋಬೇಡ್ರಿ.

ಶರಣು ಶರಣಾರ್ಥಿ. ಜೈ ಭೀಮ್.