ಹಾಸಿಗೆಯನ್ನೇ ಅಗಲ ಮಾಡಿದವರು

ಜೂಡೊ ಎಂದೊಡನೆ ನಿಮ್ಮಲ್ಲಿ ಹಲವರ ಕಣ್ಮುಂದೆ ಹೊಡೆದಾಟದ ದೃಶ್ಯವೇ ಸುಳಿಯಬಹುದು. ಆದರೆ ಜೂಡೊ ಪಂದ್ಯದಲ್ಲಿ ಹೊಡೆತವೂ ಇಲ್ಲ, ಒದೆತವೂ ಇಲ್ಲ. ಎದುರಾಳಿಯ ದಪ್ಪ ಅಂಗಿಯ ಕೊರಳಪಟ್ಟಿಯನ್ನೂ ತೋಳನ್ನೂ ಹಿಡಿದು, ಅವನ ಸಮತೋಲವನ್ನು ಕದಲಿಸಿ, ಚಾಪೆಯ ಮೇಲೆ ಬೆನ್ನಡಿಯಾಗಿ ಕೆಡಹುವ ಕಲೆ ಅದು. ಹೊಸಬರಿಗೆ ಮೊದಲು ಕಲಿಸುವುದು ಬೀಳಿಸುವುದನ್ನಲ್ಲ, ಬೀಳುವುದನ್ನು. ಗಲ್ಲವನ್ನು ಎದೆಗೆ ತಾಗಿಸಿ, ತೋಳಿನಿಂದ ಚಾಪೆಯನ್ನು ತಟ್ಟುತ್ತಾ ಬಿದ್ದರೆ ಪೆಟ್ಟು ಹಂಚಿಹೋಗುತ್ತದೆ. ಗುರುಮಠದ ಅಷ್ಟೂ ವರ್ಷ ನಮಗೆ ನಿಲ್ಲುವುದನ್ನೂ ಮೊಣಕಾಲೂರುವುದನ್ನೂ ಕಲಿಸಿದರು. ಬೀಳುವುದನ್ನು ಮಾತ್ರ ಯಾರೂ ಕಲಿಸಲಿಲ್ಲ!

ಇದೆಲ್ಲ ನನಗೆ ತಿಳಿದುಬಂದದ್ದು ಇಂಗ್ಲೆಂಡಿನಲ್ಲಿ. 2011ರಿಂದ ಎರಡು ವರ್ಷ ವ್ಯಾಸಂಗಕ್ಕೆಂದು ಅಲ್ಲಿನ ಒಂದು ವಿಶ್ವವಿದ್ಯಾನಿಲಯದ ಊರಿನಲ್ಲಿದ್ದಾಗ, ಭಾನುವಾರ ಸಂಜೆ ವಿದ್ಯಾರ್ಥಿಗಳ ಪ್ರಾರ್ಥನಾಲಯದಲ್ಲಿ ಬಲಿಪೂಜೆ ಅರ್ಪಿಸುವುದು ನನ್ನ ಪಾಲಿನ ಸೇವೆಯಾಗಿತ್ತು. ಬಲಿಪೂಜೆಯಲ್ಲಿ ವಾಚನ ಓದುತ್ತಿದ್ದ ಒಬ್ಬ ವಿದ್ಯಾರ್ಥಿನಿ ಅಲ್ಲಿನ ಜೂಡೊ ಸಂಘದ ಖಜಾಂಚಿ.

2012ರ ಬೇಸಿಗೆಯಲ್ಲಿ ಲಂಡನ್ ಒಲಿಂಪಿಕ್ಸ್ ನಡೆಯಿತು. ಜೆಮ್ಮಾ ಗಿಬ್ಬನ್ಸ್ ಎಂಬ ಇಂಗ್ಲೆಂಡಿನ ಯುವತಿ ಜೂಡೊದಲ್ಲಿ ಬೆಳ್ಳಿ ಗೆದ್ದಳು. ಸೆಮಿಫೈನಲ್ ಗೆದ್ದಾಗ ಆಕೆ ಮುಖವನ್ನು ಮೇಲೆತ್ತಿ, 2004ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಿದ್ದ ತಾಯಿಯೊಡನೆ ಮಾತಾಡಿದ್ದನ್ನು ಟಿ.ವಿ.ಯಲ್ಲಿ ಕಂಡು ಕಣ್ಣೊರೆಸಿಕೊಂಡವರು ಎಷ್ಟೋ ಮಂದಿ. ಆ ಶರತ್ಕಾಲದಲ್ಲಿ ನಮ್ಮ ಊರಿನ ಸಂಘಕ್ಕೆ ಸೇರಬಯಸಿದವರ ಸಾಲು ಬಾಗಿಲಿನಾಚೆಗೂ ಚಾಚಿತ್ತಂತೆ. ಆದರೆ ಅದೇ ಶರತ್ಕಾಲದಲ್ಲಿ ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳು ವಿಧಿಸಬಹುದಾದ ವಾರ್ಷಿಕ ಬೋಧನಾ ಶುಲ್ಕದ ಮಿತಿ 3,375 ಪೌಂಡುಗಳಿಂದ ಒಮ್ಮೆಲೇ 9,000 ಪೌಂಡುಗಳಿಗೆ ಏರಿತ್ತು. ಆ ಹಣವನ್ನು ಸರಕಾರವೇ ಸಾಲವಾಗಿ ಕೊಡುತ್ತಿತ್ತು, ನಿಜ; ಆದರೆ ಹದಿನೆಂಟರ ಹರೆಯದಲ್ಲಿ ಅಷ್ಟು ದೊಡ್ಡ ಸಾಲಕ್ಕೆ ರುಜು ಹಾಕಿದ ಮಗುವಿಗೆ ಕೈಯಲ್ಲಿರುವ ಚಿಲ್ಲರೆಯೂ ಭಾರವಾಗಿ ತೋರುತ್ತದೆ.

ಅಷ್ಟರಲ್ಲೇ ವ್ಯಾಯಾಮ ಸಭಾಂಗಣದ ಬಾಡಿಗೆ ಏರಿತು. ಜೂಡೊ ದುಬಾರಿ ಆಟವಲ್ಲ. ಆದರೂ ಗಂಟೆಗಿಷ್ಟೆಂದು ಸಭಾಂಗಣದ ಬಾಡಿಗೆ, ತರಬೇತುದಾರರ ಪ್ರಯಾಣದ ಖರ್ಚು, ವಿಮೆಯೂ ಸೇರಿದ ಬ್ರಿಟಿಷ್ ಜೂಡೊ ಅಸೋಸಿಯೇಷನ್ನಿನ ಸದಸ್ಯತ್ವ, ಸವೆದಂತೆಲ್ಲ ಬದಲಿಸಬೇಕಾದ ಚಾಪೆಗಳು, ಎಳೆದಾಟಕ್ಕೂ ಹರಿಯದ ದಪ್ಪ ಹತ್ತಿಯ ಅಂಗಿ ಎಲ್ಲವನ್ನೂ ಕೂಡಿಸಿದರೆ ಸದಸ್ಯರ ಶುಲ್ಕ ಇಮ್ಮಡಿಯಾಗಲೇಬೇಕೆಂದು ಲೆಕ್ಕ ಹೇಳುತ್ತಿತ್ತು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದರು ನಮ್ಮ ಹಿರಿಯರು. ಆದರೆ ಹಾಸಿಗೆಯೇ ಕಿರಿದಾದಾಗ ಅದರಿಂದ ಮೊದಲು ಹೊರಗುಳಿಯುವವರು ಯಾರು? ಖಜಾಂಚಿ ನನಗೆ ಹೇಳಿದಳು: "ಫಾದರ್, ಹಣವಿಲ್ಲದವರು ಹಣವಿಲ್ಲವೆಂದು ಹೇಳುವುದಿಲ್ಲ. ಓದು ಹೆಚ್ಚಾಗಿದೆ ಎಂದು ಹೇಳಿ ನಿಂತುಬಿಡುತ್ತಾರೆ." ಮುಂಜಾನೆ ಕಚೇರಿಗಳ ನೆಲ ಒರೆಸಿ ತರಗತಿಗೆ ಬರುತ್ತಿದ್ದ ಒಬ್ಬ ಹುಡುಗ ಆಗಲೇ ಎರಡು ವಾರಗಳಿಂದ ಅಭ್ಯಾಸಕ್ಕೆ ಬಂದಿರಲಿಲ್ಲ.

ಸಂಘದಲ್ಲಿ ಎರಡು ಪಕ್ಷಗಳಾದವು. ಶುಲ್ಕ ಏರಿಸೋಣ, ಬಡವರು ಆದಾಯದ ದಾಖಲೆ ತಂದರೆ ಅವರಿಗೆ ರಿಯಾಯಿತಿ ಕೊಡೋಣ ಎಂಬುದು ಒಂದು ಪಕ್ಷ. ಇದು ಅನ್ಯಾಯದ ಮಾತೇನೂ ಅಲ್ಲ. ಶುಲ್ಕ ಎಲ್ಲರಿಗೂ ಹಿಂದಿನಷ್ಟೇ ಇರಲಿ, ಕೊರತೆಯನ್ನು ಹೊರಗಿನಿಂದ ಕೂಡಿಸೋಣ ಎಂಬುದು ಖಜಾಂಚಿಯ ಪಕ್ಷ. ತಹಶೀಲ್ದಾರರ ಕಚೇರಿಯಿಂದ ಆದಾಯ ಪ್ರಮಾಣಪತ್ರ ತಂದು, ಮುಖ್ಯೋಪಾಧ್ಯಾಯರ ಕೋಣೆಯ ಹೊರಗೆ ನಿಂತ ತಂದೆ ಮಕ್ಕಳನ್ನು ನಾವೆಲ್ಲ ನೋಡಿದ್ದೇವೆ; ನಮ್ಮ ಧರ್ಮಕೇಂದ್ರದ ಶಾಲೆಗಳಲ್ಲೂ ನೋಡಿದ್ದೇವೆ. ಶಾಲೆಗಳಲ್ಲಿ ಅದು ಅನಿವಾರ್ಯವಿರಬಹುದು. ಆದರೆ ಒಬ್ಬರು ಮತ್ತೊಬ್ಬರ ಕೊರಳಪಟ್ಟಿ ಹಿಡಿದು ನಿಲ್ಲುವ ಚಾಪೆಯ ಮೇಲೆ, ಇವನು ರಿಯಾಯಿತಿಯವನು ಎಂಬ ಅರಿವು ಇಬ್ಬರ ಕೈಯನ್ನೂ ಸಡಿಲಗೊಳಿಸುತ್ತದೆ. ನಾನು ಖಜಾಂಚಿಯ ಪಕ್ಷ ವಹಿಸಿದೆ.

ಜೂಡೊದ ಮೂಲಪುರುಷ ಜಿಗೊರೊ ಕಾನೊ 1882ರಲ್ಲಿ ಟೋಕಿಯೋದ ಐಶೋಜಿ ಎಂಬ ಬೌದ್ಧ ದೇವಾಲಯದಲ್ಲಿ ಹನ್ನೆರಡು ಚಾಪೆಗಳ ಜಾಗದಲ್ಲಿ, ಒಂಬತ್ತು ಶಿಷ್ಯರೊಡನೆ ತನ್ನ ಶಾಲೆಯನ್ನು ಆರಂಭಿಸಿದ. ವಿಶ್ವವಿದ್ಯಾನಿಲಯದಿಂದ ಆಗತಾನೇ ಹೊರಬಂದಿದ್ದ ಆ ತರುಣ ಶಿಷ್ಯರಿಂದ ಶುಲ್ಕ ಪಡೆಯಲಿಲ್ಲ. ಖರ್ಚು ಸರಿದೂಗಿಸಲು ಶಿಕ್ಷಣ ಇಲಾಖೆಗೆ ಅನುವಾದ ಮಾಡಿಕೊಟ್ಟ. ಬಿದ್ದವರ ಭಾರಕ್ಕೆ ದೇವಾಲಯದ ನೆಲದ ತೊಲೆಗಳು ಮುರಿದಾಗ ತಾನೇ ನೆಲದಡಿಗೆ ತೆವಳಿ ರಿಪೇರಿ ಮಾಡುತ್ತಿದ್ದ. ಅಲ್ಲಿನ ಸನ್ಯಾಸಿಗಳ ತಾಳ್ಮೆ ಕೆಟ್ಟಿತಂತೆ. ಆ ಸನ್ಯಾಸಿಗಳ ಮೇಲೆ ನನಗೆ ಸಹಾನುಭೂತಿಯೂ ಉಂಟು. ಸ್ವಹಿತ ಪರಹಿತ ಎರಡೂ ಜೊತೆಯಾಗಿ ಬೆಳೆಯಬೇಕೆಂಬ ತತ್ವವನ್ನು ಕಾನೊ ಮುಂದೆ ಜೂಡೊದ ಗುರಿಯೆಂದೇ ಸಾರಿದ.

ಹಣ ಕೂಡಿಸುವ ವಿಷಯದಲ್ಲಿ ನಮ್ಮವರೇ ಆದ ಗುರು ಸಂತ ಪೌಲ. ಜೆರುಸಲೇಮಿನ ಬಡ ವಿಶ್ವಾಸಿಗಳಿಗಾಗಿ ಆತ ಕಾಣಿಕೆ ಎತ್ತಿದ ಸಂಗತಿ ಕೊರಿಂಥಿಯರಿಗೆ ಬರೆದ ಎರಡನೆಯ ಪತ್ರದ ಎಂಟು, ಒಂಬತ್ತನೆಯ ಅಧ್ಯಾಯಗಳಲ್ಲಿದೆ. ಬಿಡುವಾದಾಗ ಓದಿ. ಕೊಡುವವರು ಬಳಲಿ ಪಡೆಯುವವರು ಸುಖಿಸಬೇಕೆಂದು ಆತ ಕೇಳುವುದಿಲ್ಲ. ಆತ ಕೇಳುವುದು ಸಮಾನತೆಯನ್ನು. ರೋಮನರಿಗೆ ಬರೆದ ಪತ್ರದಲ್ಲಿ ಇದೇ ಕಾಣಿಕೆಗೆ ಆತ ಬಳಸುವ ಗ್ರೀಕ್ ಪದ 'ಕೊಯ್ನೋನಿಯಾ', ಅಂದರೆ ಅನ್ಯೋನ್ಯತೆ. ಹಣದ ವಿಷಯದಲ್ಲಿ ಯಾರೂ ಬೆರಳು ತೋರಿಸದಂತೆ ತೀತನ ಜೊತೆಗೆ ಸಭೆಗಳ ವಿಶ್ವಾಸ ಗಳಿಸಿದ್ದ ಇತರ ಸಹೋದರರನ್ನೂ ಕಳುಹಿಸುತ್ತಾನೆ. ನಮ್ಮ ಹಬ್ಬದ ಸಮಿತಿಗಳು ಈ ಭಾಗವನ್ನು ವರ್ಷಕ್ಕೊಮ್ಮೆಯಾದರೂ ಓದಿದರೆ ಒಳ್ಳೆಯದು.

ಬಲಿಪೂಜೆಗೆ ಬರುತ್ತಿದ್ದ ಒಬ್ಬ ಹಿರಿಯರು ನನ್ನನ್ನು ನೇರವಾಗಿ ಪ್ರಶ್ನಿಸಿದರು. ಊರಿನಲ್ಲಿ ಹಸಿದವರಿರುವಾಗ ಆಟಕ್ಕೆ ಹಣ ಕೇಳುವುದು ಸರಿಯೇ? ಈ ಪ್ರಶ್ನೆಯನ್ನು ತಳ್ಳಿಹಾಕುವಂತಿರಲಿಲ್ಲ. ಬಲಿಪೂಜೆಯ ಕಾಣಿಕೆಯನ್ನು ಮುಟ್ಟುವುದಿಲ್ಲ, ಪೀಠದಿಂದ ಪ್ರಕಟಣೆ ಇಲ್ಲ, ಬಾಗಿಲ ಹೊರಗೆ ಕೇಕಿನ ಮೇಜು ಮಾತ್ರ ಎಂದೆ. ಒಂಟಿತನದಿಂದ ಬಾಗಿಲು ಹಾಕಿಕೊಂಡು ಕುಳಿತ ವಿದ್ಯಾರ್ಥಿಗಳನ್ನು ನಾನು ಕಂಡಿದ್ದೆ. ವಾರಕ್ಕೆ ಎರಡು ಸಂಜೆ ಅವರ ಹೆಸರು ಹಿಡಿದು ಕರೆಯುವ ಒಂದು ಜಾಗವೂ ಒಂದು ಬಗೆಯ ಅನ್ನವೇ ಎಂದೂ ಹೇಳಿದೆ. ಅವರು ಒಪ್ಪಲಿಲ್ಲ, ಕೇಕನ್ನೂ ಕೊಳ್ಳಲಿಲ್ಲ. ಪ್ರತಿ ಶನಿವಾರ ಉಚಿತ ಆಹಾರ ವಿತರಣೆಯ ಕೇಂದ್ರದಲ್ಲಿ ಡಬ್ಬಿಗಳನ್ನು ಜೋಡಿಸುತ್ತಿದ್ದವರು ಅವರು. ಹಾಗೆ ಕೇಳುವ ಹಕ್ಕು ಅವರಿಗಿತ್ತು.

ಕೇಕಿನಿಂದ ಬಂದದ್ದು ಅಲ್ಪ. ಹೆಚ್ಚು ಫಲ ಕೊಟ್ಟದ್ದು ಸಾವಿರ ಬೀಳುವಿಕೆಗಳ ಶನಿವಾರ. ಒಂದು ಬೀಳುವಿಕೆಗೆ ಇಷ್ಟು ಪೆನ್ಸ್ ಎಂದು ಪರಿಚಿತರಿಂದ ಮೊದಲೇ ಮಾತು ಪಡೆಯುವುದು. ಒಂದು ಪೆನ್ನಿ ಎಂದವರು ಕೊನೆಗೆ ಹತ್ತು ಪೌಂಡು ಕೊಡಬೇಕು. ಎಣಿಸುವ ಕೆಲಸ ನನ್ನ ಪಾಲಿಗೆ ಬಂತು. ಜಪಸರದ ಐದು ದಶಕಗಳ ಮಣಿಗಳು ಐವತ್ತು. ಇಪ್ಪತ್ತು ಸುತ್ತಿಗೆ ಸಾವಿರ. ದೇವಮಾತೆ ಕ್ಷಮಿಸಿಯಾಳೆಂದು ನಂಬಿದೆ. ಎಂಟುನೂರು ದಾಟಿದ ಮೇಲೆ ಎಲ್ಲರೂ ಬೆವರಿನಲ್ಲಿ ತೊಯ್ದು, ಯಾರು ಯಾರನ್ನು ಕೆಡಹುತ್ತಿದ್ದಾರೆಂದು ತಿಳಿಯದಷ್ಟು ದಣಿದಿದ್ದರು. ನೆಲ ಒರೆಸುವ ಹುಡುಗನೂ ಅಂದು ಬಂದಿದ್ದ. ಯಾರೂ ಅವನನ್ನು ಏನೂ ಕೇಳಲಿಲ್ಲ.

ನಿಂತು ಉಳಿದದ್ದು ಮಾತ್ರ ಹಳೆಯ ಸದಸ್ಯರ ಹಣ. ಓದು ಮುಗಿಸಿ ದುಡಿಯುತ್ತಿದ್ದ ಕೆಲವರು ತಿಂಗಳಿಗೆ ಎರಡೋ ಮೂರೋ ಪೌಂಡು ಬ್ಯಾಂಕಿನ ಮೂಲಕ ಕಳುಹಿಸಲು ಒಪ್ಪಿದರು. ತಮಗೆ ಚಿಕ್ಕದಾದ ಅಂಗಿಗಳನ್ನೂ ಕೊಟ್ಟರು. ಆ ವರ್ಷ ಶುಲ್ಕ ಏರಲಿಲ್ಲ. ಮರುವರ್ಷ ತುಸು ಏರಿತೆಂದು ನಾನು ಊರಿಗೆ ಮರಳಿದ ಮೇಲೆ ಆಕೆ ಬರೆದಳು. ಪತ್ರದೊಡನೆ ಸಭಾಂಗಣದ ಬಾಗಿಲಿಗೆ ಅಂಟಿಸಿದ್ದ ಲೆಕ್ಕದ ಹಾಳೆಯ ಪ್ರತಿಯಿತ್ತು: ಬಂದದ್ದು, ಹೋದದ್ದು, ಉಳಿದದ್ದು ಹನ್ನೊಂದು ಪೌಂಡು, ಕೆಳಗೆ, ಅಳತೆಗಳ ಸಮೇತ, ಯಾರು ಬೇಕಾದರೂ ಕೇಳದೆಯೇ ಒಯ್ಯಬಹುದಾದ ಹಳೆಯ ಅಂಗಿಗಳ ಪಟ್ಟಿ.