ರೋಗಕ್ಕೂ ರೋಗವುಂಟೇ?

ಬೇಸಗೆ ಬಂದಿತೆಂದರೆ ಪುಣೆಯ ಮಾರ್ಕೆಟ್ ಯಾರ್ಡಿನ ಮುಂಜಾವು ಮಾವಿನ ಪರಿಮಳದಿಂದಲೇ ತೆರೆಯುವುದು. ಮೊದಲು ರತ್ನಾಗಿರಿಯ ಆಪೂಸು. ಅದು ಮುಗಿಯುತ್ತ ಬಂದಂತೆ ನಮ್ಮ ಕರ್ನಾಟಕದ ಆಪೂಸು. ಹುಲ್ಲು ಹಾಸಿದ ಆ ಪೆಟ್ಟಿಗೆಗಳ ನಡುವೆ ನಡೆಯುವಾಗ ನಮಗೆ ಊರಿನವರನ್ನೇ ಕಂಡಷ್ಟು ಹಿಗ್ಗು.

ಹೋದ ಬೇಸಗೆಯ ಒಂದು ಮುಂಜಾನೆ ಅಲ್ಲಿ ನಮ್ಮ ವಿದ್ಯಾರ್ಥಿಯೊಬ್ಬನು ತಂದೆಯೊಡನೆ ಎದುರಾದನು. ತಂದೆಯವರು ಕೈಗಾಡಿಯಲ್ಲಿ ಹಣ್ಣು ಮಾರುವವರು. ಕೊಂಡ ಪೆಟ್ಟಿಗೆಯನ್ನು ಬಿಚ್ಚಿದರೆ ಅರ್ಧದಷ್ಟು ಹಣ್ಣುಗಳ ಮೇಲೆ ಕಪ್ಪು ಕಲೆ. ಒತ್ತಿದರೆ ಬೆರಳು ಇಳಿಯುವಷ್ಟು ಕೊಳೆ. ಆ ದಿನದ ದುಡಿಮೆ ಹೋಯಿತೆಂದು ಅವರು ತಲೆಯ ಮೇಲೆ ಕೈಹೊತ್ತು ಕುಳಿತಿದ್ದರು. ಹುಡುಗ ಕೇಳಿದ: “ಸರ, ಹಣ್ಣಿಗೆ ಬೂಷ್ಟಿನ ರೋಗ ಬರ್ತದಲ್ರಿ, ಆ ಬೂಷ್ಟಿಗೆ ಯಾವ ರೋಗಾನೂ ಬರೂದಿಲ್ಲೇನ್ರಿ?”

“ರೋಗಕ್ಕೆಲ್ಲಿಯ ರೋಗವೋ, ಹುಚ್ಚಪ್ಪಾ!” ಎಂದು ನಾವು ನಕ್ಕುಬಿಟ್ಟೆವು. ತಂದೆಯವರೂ ನಕ್ಕರು. ಹುಡುಗ ಮಾತ್ರ ನಗಲಿಲ್ಲ.

ಆ ಮುಖ ನಮ್ಮನ್ನು ಬಿಡಲಿಲ್ಲ. ಸಂಧಿ ಸಮಾಸ ಬಲ್ಲವರಿಗೆ ಸೃಷ್ಟಿಯೆಲ್ಲವೂ ತಿಳಿದಿರುವುದೇ? ಪುಸ್ತಕಗಳನ್ನು ತಡಕಿದಾಗ ತಪ್ಪಿದವರು ನಾವೇ ಎಂದು ಗೊತ್ತಾಯಿತು. ಶಿಲೀಂಧ್ರಗಳಿಗೂ ವೈರಸ್‌ಗಳು ತಗಲುವುವು! ಇಂಗ್ಲೆಂಡಿನಲ್ಲಿ ಹಾಲಿಂಗ್ಸ್ ಎಂಬ ವಿಜ್ಞಾನಿಯು 1962ರಲ್ಲಿಯೇ ಅಣಬೆಗಳಲ್ಲಿ ಅವನ್ನು ಕಂಡಿದ್ದನು.

ಇನ್ನೂ ಸೋಜಿಗದ್ದು ಚೆಸ್ಟ್‌ನಟ್ ಎಂಬ ಕಾಯಿಮರದ ಕಥೆ. 1904ರಲ್ಲಿ ನ್ಯೂಯಾರ್ಕಿನಲ್ಲಿ ಕಾಣಿಸಿಕೊಂಡ ಒಂದು ಶಿಲೀಂಧ್ರವು ಅಮೆರಿಕದ ನೂರಾರು ಕೋಟಿ ಮರಗಳನ್ನು ಒಣಗಿಸಿತು. 1938ರಲ್ಲಿ ಅದು ಇಟಲಿಯ ಜಿನೋವಾದ ಬಳಿಯೂ ಕಂಡುಬಂದಿತು. ಅಲ್ಲಿಯ ಮರಗಳೂ ಸತ್ತವೆಂದೇ ಎಲ್ಲರೂ ಕೈಬಿಟ್ಟಿದ್ದರು. ಆದರೆ 1950ರ ಸುಮಾರಿಗೆ ಬಿರಾಗಿ ಎಂಬವರು ನೋಡುತ್ತಾರೆ, ಕೆಲವು ಮರಗಳ ಹುಣ್ಣುಗಳು ತಾವಾಗಿಯೇ ಮಾಯುತ್ತಿವೆ! ಮುಂದೆ ಫ್ರಾನ್ಸಿನ ಗ್ರಾಂತ್ ಎಂಬವರು ಆ ಹುಣ್ಣುಗಳಿಂದ ಬಿಳಿಚಿಕೊಂಡ, ಶಕ್ತಿಗುಂದಿದ ಶಿಲೀಂಧ್ರವನ್ನು ಬೇರ್ಪಡಿಸಿದರು. ಅದರೊಳಗಿದ್ದ ವೈರಸ್ ಅದನ್ನು ಕೊಲ್ಲದೆ ಸೊರಗಿಸಿತ್ತು. ಮರಕ್ಕೆ ಗಾಯವನ್ನು ಮುಚ್ಚಿಕೊಳ್ಳಲು ಬಿಡುವು ದೊರೆತಿತ್ತು.

ಈ ವೈರಸ್ ಹೊರಗೆ ಸ್ವತಂತ್ರವಾಗಿ ಅಲೆಯುವುದಿಲ್ಲ. ಶಿಲೀಂಧ್ರದ ಎಳೆಗಳು ಒಂದರೊಡನೊಂದು ಬೆಸೆದಾಗ ದಾಟುವುದು. ಎಳೆಗಳ ಜಾತಿ ಕೂಡದಿದ್ದರೆ ಬೆಸುಗೆಯಿಲ್ಲ. ಬೀಗತನಕ್ಕೆ ಗೋತ್ರ ನೋಡುವ ಹಿರಿಯರಂತೆಯೇ ಸರಿ! ಅಮೆರಿಕದಲ್ಲಿ ಇಂಥ ಒಳಜಾತಿಗಳು ಹೆಚ್ಚು. ಆದುದರಿಂದ ಅಲ್ಲಿ ಈ ಉಪಾಯ ಅಷ್ಟಾಗಿ ಫಲಿಸಲಿಲ್ಲ.

ಮಾವಿಗೆ ಚಿಬ್ಬು ರೋಗ ತರುವ ಕೊಲೆಟೋಟ್ರೈಕಮ್ ಕುಲದ ಶಿಲೀಂಧ್ರಗಳಲ್ಲಿಯೂ ವೈರಸ್‌ಗಳು ದೊರೆತಿವೆ. ಆದರೆ ತಗಲಿದ ವೈರಸ್‌ಗಳೆಲ್ಲವೂ ಶಿಲೀಂಧ್ರವನ್ನು ಕುಗ್ಗಿಸವು. ಕೊಯ್ದ ಮಾವಿನ ಚಿಬ್ಬಿಗೆ ಬಿಸಿನೀರಿನ ಸ್ನಾನವೇ ಒಂದು ಮದ್ದು: ಸುಮಾರು 52 ಡಿಗ್ರಿ ಶಾಖದ ನೀರಿನಲ್ಲಿ ಕೆಲವು ನಿಮಿಷ.

ಶಾಲೆ ತೆರೆದ ದಿನ ತರಗತಿಯೆಲ್ಲ ಕೇಳುವಂತೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಹುಡುಗ ಎದ್ದು ನಿಂತು, “ಹಂಗಾದ್ರ ಸರ, ಆ ವೈರಸ್‌ಗೂ ಒಂದು ರೋಗ ಇರಬೇಕಲ್ರಿ?” ಎಂದನು.

ಈ ಬಾರಿ ನಾವು ನಗಲಿಲ್ಲ.