ಅಕಿರಾ ಎಂಬ ಪ್ರಕಾಶರು

ನಮ್ಮ ತರಗತಿಯಲ್ಲಿ ಪ್ರಕಾಶರು ನಾಲ್ವರು. ಹಾಜರಿ ಕೂಗುವಾಗ ಅಧ್ಯಾಪಕರು 'ಪ್ರಕಾಶ' ಎಂದರೆ ನಾಲ್ಕು ಮೂಲೆಗಳಿಂದ 'ಹಾಜರ್ ಸಾರ್' ಎಂಬ ಧ್ವನಿ ಏಳುತ್ತದೆ. ಒಬ್ಬಿಬ್ಬರು ಬಾರದ ದಿನವೂ ನಾಲ್ಕೇ ಧ್ವನಿಗಳು ಏಳುವುದು ಸ್ನೇಹಧರ್ಮಕ್ಕೆ ಸೇರಿದ ವಿಷಯ. ಈ ಸಂಚಿಕೆಯನ್ನು ಅಧ್ಯಾಪಕರೂ ಓದುವರಾದ್ದರಿಂದ ಅದನ್ನಿಲ್ಲಿ ವಿಸ್ತರಿಸುವುದು ಕ್ಷೇಮವಲ್ಲ. ಗುರುತಿಗಾಗಿ ಗೆಳೆಯರು ನಮಗೆ ವಿಶೇಷಣಗಳನ್ನು ದಯಪಾಲಿಸಿದ್ದಾರೆ. ಒಬ್ಬ ಉದ್ದ ಪ್ರಕಾಶ, ಇನ್ನೊಬ್ಬ ಅಂಗಡಿ ಪ್ರಕಾಶ, ಮತ್ತೊಬ್ಬ ಕಬಡ್ಡಿ ಪ್ರಕಾಶ. ಯಾವ ವಿಶೇಷವೂ ಇಲ್ಲದ ನಾನು ಬರೀ ಪ್ರಕಾಶ.

ಹೆಸರಿನಿಂದ ತಮಾಷೆಯಾದರೆ ಸಹಿಸಬಹುದು, ನಷ್ಟವಾದರೆ ಹೇಗೆ? ಎರಡನೆಯ ವರ್ಷದಲ್ಲಿ ನನಗೆ ಬರಬೇಕಾದ ವಿದ್ಯಾರ್ಥಿವೇತನ ಇನ್ನಾವುದೋ ಊರಿನ ಇನ್ನಾವನೋ ಪ್ರಕಾಶನ ಖಾತೆಗೆ ಹೋಗಿ ಕುಳಿತಿತು. ಅದನ್ನು ಬಿಡಿಸಿಕೊಳ್ಳಲು ಏಳು ತಿಂಗಳು ಒಂದು ಕಚೇರಿಗೆ ಅಲೆದೆನು. "ಏನಪ್ಪಾ, ಪ್ರಕಾಶನ ದುಡ್ಡು ಪ್ರಕಾಶನಿಗೇ ಹೋಗಿದೆಯಲ್ಲ!" ಎಂದು ಅಲ್ಲಿನ ಗುಮಾಸ್ತರೊಬ್ಬರು ನಕ್ಕರು. ಅಷ್ಟರಲ್ಲಿ ಪರೀಕ್ಷಾಶುಲ್ಕ ಕಟ್ಟುವ ದಿನ ಬಂತು. ಸೋದರತ್ತೆ ತಮ್ಮ ಸಂಘದ ಸಾಲದಲ್ಲಿ ಒಂದಿಷ್ಟು ತೆಗೆದುಕೊಟ್ಟರು. ಅಂದೇ ನಿಶ್ಚಯಿಸಿದೆನು: ಈ ಹೆಸರು ಬೇಡ. ಛಾಪಾ ಕಾಗದ ತಂದಿಟ್ಟೆನು. ಹೊಸ ಹೆಸರನ್ನೂ ಆರಿಸಿದೆನು, 'ಯಶೋವರ್ಧನ'. ನನ್ನ ಐದಡಿ ಎರಡಂಗುಲದ ದೇಹಕ್ಕೆ ಅದು ಅಣ್ಣನ ಅಂಗಿಯಂತೆ ದೊಗಲೆಯಾಗುವುದೆಂಬ ಅನುಮಾನ ಇದ್ದೇ ಇತ್ತು. ಇರಲಿ, ದೇಶದಲ್ಲಿ ಇನ್ನೊಬ್ಬ ಸಿಗುವ ಭಯವಾದರೂ ಕಡಮೆಯಷ್ಟೆ.

ಈ ಮಧ್ಯೆ ನಮ್ಮ ಕಾಲೇಜಿನ ಸಭಾಂಗಣದಲ್ಲಿ ಇತಿಹಾಸದ ಅಧ್ಯಾಪಕರು 'ರಾಶೋಮಾನ್' ಚಿತ್ರವನ್ನು ತೋರಿಸಿದರು. 1950ರಲ್ಲಿ ತಯಾರಾಗಿ 1951ರಲ್ಲಿ ವೆನಿಸ್ ನಗರದ ಉತ್ಸವದಲ್ಲಿ ಅತ್ಯುನ್ನತ ಪ್ರಶಸ್ತಿ ಗೆದ್ದು, ಜಪಾನಿನ ಚಿತ್ರಗಳ ಕಡೆಗೆ ಹೊರಲೋಕದ ಕಣ್ಣು ತಿರುಗಿಸಿದ ಚಿತ್ರವದು. ಕಾಡಿನೊಳಗೆ ನಡೆಯುವವನ ಮೇಲೆ ಎಲೆಗಳ ನಡುವಿನಿಂದ ಬಿಸಿಲು ಚುಚ್ಚುತ್ತದೆ. ಕ್ಯಾಮರಾ ನೇರವಾಗಿ ಸೂರ್ಯನನ್ನೇ ನೋಡುತ್ತದೆ. ಹಾಗೆ ನೋಡುವುದು ಆ ಕಾಲಕ್ಕೆ ಧೈರ್ಯದ ಕೆಲಸವಾಗಿತ್ತಂತೆ. ಚಿತ್ರ ಮುಗಿದ ಮೇಲೆ ಅಧ್ಯಾಪಕರು, "ನಿರ್ದೇಶಕ ಅಕಿರಾ ಕುರೋಸಾವಾ. ಅಕಿರಾ ಎಂದರೆ ಬೆಳಕು, ಕಾಂತಿ. ನಮ್ಮ ಪ್ರಕಾಶ ಎನ್ನಿ" ಎಂದರು. ಇಡೀ ಸಭಾಂಗಣ ತಿರುಗಿ ನಮ್ಮ ನಾಲ್ವರನ್ನು ನೋಡಿ ನಕ್ಕಿತು. ಜಪಾನಿಗೆ ಹೋದರೂ ಈ ಹೆಸರು ಬಿಡಲೊಲ್ಲದಲ್ಲ ಎಂದುಕೊಂಡೆನು.

ಮರುದಿನ ಗ್ರಂಥಾಲಯದ ಕಂಪ್ಯೂಟರಿನ ಮುಂದೆ ಕುಳಿತು ಅಕಿರಾಗಳನ್ನು ಹುಡುಕತೊಡಗಿದೆನು. ಅರ್ಥಶಾಸ್ತ್ರದ ಟಿಪ್ಪಣಿ ಮಾಡಬೇಕಾಗಿದ್ದ ಒಂದು ವಾರ ಹೀಗೆ ಕಳೆಯಿತು. ಜಪಾನಿನಲ್ಲಿಯೂ ಅದು ಗಂಡಸರಿಗೆ ಸರ್ವೇಸಾಮಾನ್ಯವಾದ ಹೆಸರೇ. ಆದರೆ ಅವರಲ್ಲೊಂದು ವಿಚಿತ್ರವುಂಟು. ನಾವು ಪ್ರಕಾಶ ಎಂದು ಬರೆಯಲು ಒಂದೇ ದಾರಿ. ಅವರಲ್ಲಿ ಅಕಿರಾ ಎಂಬ ಒಂದೇ ಉಚ್ಚಾರಕ್ಕೆ ಚೀನೀ ಮೂಲದ ಹತ್ತಾರು ಅಕ್ಷರಗಳಿವೆ. ಒಂದು ಅಕ್ಷರದಲ್ಲಿ ಸೂರ್ಯಚಂದ್ರರು ಅಕ್ಕಪಕ್ಕ ನಿಂತಿದ್ದಾರೆ. ಇನ್ನೊಂದರಲ್ಲಿ ಸೂರ್ಯನ ಕೆಳಗೆ ಬೆಳಕಿದೆ. ಮತ್ತೊಂದರಲ್ಲಿ ಮೂವರು ಸೂರ್ಯರು ಇಬ್ಬರ ಮೇಲೊಬ್ಬನಂತೆ ನೆಲಸಿದ್ದಾರೆ. ಅದಕ್ಕೆ ಸ್ಫಟಿಕವೆಂದು ಅರ್ಥ. ಮಗು ಹುಟ್ಟಿದಾಗ ಹೆಸರು ನಿಶ್ಚಯಿಸಿದರೆ ಅರ್ಧ ಕೆಲಸವಾಯಿತಷ್ಟೆ. ಯಾವ ಅಕ್ಷರವೆಂಬುದನ್ನೂ ಮನೆಯವರು ಕುಳಿತು ಆರಿಸಬೇಕು. ಆದ್ದರಿಂದ ಅಲ್ಲಿ 'ನನ್ನ ಹೆಸರು ಅಕಿರಾ' ಎಂದರೆ ಪರಿಚಯ ಮುಗಿಯದು. ಯಾವ ಅಕಿರಾ ಎಂದು ಕೇಳುತ್ತಾರೆ. ಆತ ಅಂಗೈಯ ಮೇಲೆ ಬೆರಳಿನಿಂದ ಅಕ್ಷರವನ್ನು ಗೀಚಿ ತೋರಿಸುತ್ತಾನೆ. ಅವರ ಸರ್ಕಾರದ ಕುಟುಂಬ ದಾಖಲೆಯಲ್ಲಿ ಬಹುಕಾಲ ಅಕ್ಷರ ಮಾತ್ರ ಇರುತ್ತಿತ್ತು, ಉಚ್ಚಾರ ಇರುತ್ತಿರಲಿಲ್ಲ. 2025ರ ಮೇ 26ರಿಂದ ಜಾರಿಗೆ ಬಂದ ಕಾನೂನಿನಂತೆ ಈಗ ಉಚ್ಚಾರವನ್ನೂ ಬರೆಯಬೇಕು. ನನ್ನ ಸಂಗಡ ಕಚೇರಿಯಲ್ಲಿ ನಕ್ಕ ಗುಮಾಸ್ತರಿಗೆ ಇಂಥ ದಾಖಲೆ ಸಿಕ್ಕಿದ್ದರೆ ಏಳು ತಿಂಗಳ ಬದಲು ಎಷ್ಟು ವರ್ಷ ಹಿಡಿಯುತ್ತಿತ್ತೋ!

ಕುರೋಸಾವಾರ ಅಕ್ಷರ ಸೂರ್ಯಚಂದ್ರರದು. 1910ರಲ್ಲಿ ಟೋಕಿಯೋದಲ್ಲಿ ಎಂಟು ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿದರು. ಶಾಲೆಯಲ್ಲಿ ಮಂದಬುದ್ಧಿಯವನೂ ಅಳುಬುರುಕನೂ ಆಗಿದ್ದೆನೆಂದು ಅವರೇ ತಮ್ಮ ಆತ್ಮಕಥೆಯಲ್ಲಿ ಬರೆದುಕೊಂಡಿದ್ದಾರೆ. ಹೆಸರಿನಲ್ಲಿ ಸೂರ್ಯನೂ ಚಂದ್ರನೂ ಇದ್ದು ತಲೆಯೊಳಗೆ ಮಬ್ಬಿದ್ದರೆ ಮಾಸ್ತರರು ಏನೆಂದಿರಬೇಡ! (ನನಗೆ ಏನೆಂದರೆಂಬುದು ನನಗೆ ಗೊತ್ತು.) ಅವರಿಗೆ ಹೇಗೋ ಎಂಬ ಅಣ್ಣನಿದ್ದನು. 1923ರ ಸೆಪ್ಟೆಂಬರ್ 1ರ ಭೂಕಂಪದಲ್ಲಿ ಟೋಕಿಯೋ ನಗರವು ಉರಿದುಹೋದ ಮೇಲೆ, ಈ ಅಣ್ಣ ಹದಿಮೂರರ ತಮ್ಮನನ್ನು ಆ ಭಸ್ಮರಾಶಿಯ ನಡುವೆ ನಡೆಸಿಕೊಂಡು ಹೋದನು. ಎಲ್ಲಿ ನೋಡಿದರೂ ಹೆಣಗಳು. ಹುಡುಗ ಮುಖ ತಿರುಗಿಸಿದಾಗಲೆಲ್ಲ ಅಣ್ಣ ಗದರಿಸಿ ನೋಡುವಂತೆ ಮಾಡಿದನು. ಆ ರಾತ್ರಿ ಕೆಟ್ಟ ಕನಸು ಬೀಳುವುದೆಂದು ಹೆದರಿದ್ದ ತಮ್ಮನಿಗೆ ಒಳ್ಳೆಯ ನಿದ್ರೆಯೇ ಬಂದಿತು. ಕಣ್ಣು ಮುಚ್ಚಿಕೊಂಡವನಿಗೆ ಭಯ, ನೇರವಾಗಿ ನೋಡುವವನಿಗಿಲ್ಲ ಎಂಬುದು ಅಣ್ಣನ ವಾದ. ಹೇಗೋ ಮುಂದೆ ಮೂಕಚಿತ್ರಗಳ ಪಕ್ಕದಲ್ಲಿ ನಿಂತು ಕಥೆ ಹೇಳುವವನಾದನು. ಮಾತಿನ ಚಿತ್ರಗಳು ಬಂದು ಆ ಕಸುಬು ಮುಳುಗಿತು. 1933ರಲ್ಲಿ ಅವನು ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು. ಇದನ್ನು ಓದಿದ ಮೇಲೆ 'ರಾಶೋಮಾನ್' ಚಿತ್ರದ ಆ ಸೂರ್ಯನನ್ನು ಇನ್ನೊಮ್ಮೆ ನೋಡಿದೆನು. ಮೊದಲ ಸಲ ಕಂಡದ್ದೇ ಬೇರೆ, ಈ ಸಲ ಕಂಡದ್ದೇ ಬೇರೆ.

ಇನ್ನೊಬ್ಬ ಅಕಿರಾ ಕಾಗದ ಮಡಿಸುವವರು. ಅಕಿರಾ ಯೋಶಿಜಾವಾ, ಹುಟ್ಟಿದ್ದು 1911ರ ಮಾರ್ಚ್ 14. ಇವರ ಅಕ್ಷರ ಬೇರೆ; ಅದಕ್ಕೆ ಅಧ್ಯಾಯ, ಲಾಂಛನ ಎಂಬ ಅರ್ಥಗಳಿವೆ. ಹುಡುಗನಾಗಿದ್ದಾಗಲೇ ಟೋಕಿಯೋಗೆ ಬಂದು ಕಾರ್ಖಾನೆ ಸೇರಿದರು. ಅಲ್ಲಿನ ಕಿರಿಯ ಕೆಲಸಗಾರರಿಗೆ ರೇಖಾಗಣಿತ ಕಲಿಸುವ ಹೊಣೆ ಬಂದಾಗ ಕಾಗದ ಮಡಿಸಿ ಮಡಿಸಿ ತೋರಿಸಿದರು. ಬಳಿಕ ಅದೇ ಹುಚ್ಚು ಹಿಡಿದು ಕೆಲಸ ಬಿಟ್ಟರು. ಬಡತನ ಬಂತು, ಮನೆಮನೆಗೆ ಹೋಗಿ ಊಟಕ್ಕೆ ನಂಜಿಕೊಳ್ಳುವ ವ್ಯಂಜನ ಮಾರಿ ಹೊಟ್ಟೆ ಹೊರೆದರು. ಅಂತೂ ಮಡಿಸುವುದನ್ನು ಬಿಡಲಿಲ್ಲ. ಯಾವ ಗೆರೆಯಲ್ಲಿ ಹೇಗೆ ಮಡಿಸಬೇಕೆಂದು ಚುಕ್ಕೆಗೆರೆಗಳಿಂದಲೂ ಬಾಣದ ಗುರುತುಗಳಿಂದಲೂ ತೋರಿಸುವ ಕ್ರಮವನ್ನು ತಮ್ಮ 1954ರ ಪುಸ್ತಕದಲ್ಲಿ ಬಳಸಿದರು. ಭಾಷೆ ಬಾರದವರೂ ಆ ಗುರುತು ನೋಡಿ ಮಡಿಸಬಹುದು; ಇಂದು ಲೋಕವೆಲ್ಲ ಅದರ ಮೇಲೆಯೇ ನಡೆಯುತ್ತಿದೆ. ಅವರು ತೀರಿಕೊಂಡದ್ದು 2005ರ ಮಾರ್ಚ್ 14ರಂದು, ತಮ್ಮ ತೊಂಬತ್ತನಾಲ್ಕನೆಯ ಹುಟ್ಟುಹಬ್ಬದ ದಿನ. ಮಡಿಕೆಯ ಅಂಚಿಗೆ ಅಂಚು ಸೇರಿದಂತೆ!

ಅದೇ ಅಕ್ಷರದ ಇನ್ನೊಬ್ಬರು ರಸಾಯನಶಾಸ್ತ್ರಜ್ಞ ಅಕಿರಾ ಸುಜುಕಿ. ಸುಜುಕಿ ಎಂಬುದು ಜಪಾನಿನಲ್ಲಿ ಅತಿ ಹೆಚ್ಚು ಕೇಳಿಬರುವ ಮನೆತನದ ಹೆಸರುಗಳಲ್ಲೊಂದು. ಮನೆತನವೂ ಸಾಮಾನ್ಯ, ಹೆಸರೂ ಸಾಮಾನ್ಯ; ಈ ಮನುಷ್ಯನ ವಿದ್ಯಾರ್ಥಿವೇತನದ ಗತಿ ಏನಾಗಿದ್ದಿರಬಹುದು ಎಂದು ನಾನು ಮರುಗಿದೆನು. ಇಂಗಾಲದ ತುಣುಕುಗಳನ್ನು ಒಂದಕ್ಕೊಂದು ಬೆಸೆಯುವ ಅವರ ವಿಧಾನವನ್ನು ಇಂದು ಔಷಧಿ ತಯಾರಿಸುವವರೆಲ್ಲ ಬಳಸುತ್ತಾರೆ. ಅದಕ್ಕಾಗಿ 2010ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಬಂದಿತು. ಅವರು ಅದರ ಮೇಲೆ ಪೇಟೆಂಟು ಹಾಕಿಸಲಿಲ್ಲ. ಇದೇ ಅಕ್ಷರದ ಪಕ್ಕದಲ್ಲಿ ಮೂರು ಓರೆಗೆರೆಗಳನ್ನು ಎಳೆದರೆ ಅದು ಇನ್ನೊಂದು ಅಕಿರಾ ಆಗುತ್ತದೆ. ಪ್ರಕಟಪಡಿಸು ಎಂಬ ಅರ್ಥ ಬರುತ್ತದೆ. ಅದು ಅಕಿರಾ ಯೋಶಿನೋ ಅವರದು. ಪ್ರಾಥಮಿಕ ಶಾಲೆಯಲ್ಲಿ ಒಬ್ಬ ಉಪಾಧ್ಯಾಯಿನಿ ಅವರ ಕೈಗೆ ಫ್ಯಾರಡೆ ಮಹಾಶಯನು ಮೇಣದಬತ್ತಿಯನ್ನು ಕುರಿತು ಮಾಡಿದ ಉಪನ್ಯಾಸಗಳ ಪುಸ್ತಕವನ್ನು ಕೊಟ್ಟರಂತೆ. 1985ರಲ್ಲಿ ಅವರು ಲಿಥಿಯಮ್ ಅಯಾನ್ ಬ್ಯಾಟರಿಗೆ ಒಂದು ರೂಪ ಕೊಟ್ಟರು. 2019ರಲ್ಲಿ ನೊಬೆಲ್ ಬಂತು. ವಾಚಕ ಮಹಾಶಯರೇ, ಈ ಲೇಖನವನ್ನು ಓದುತ್ತ ನಡುನಡುವೆ ನೀವು ಕದ್ದು ನೋಡುತ್ತಿರುವ ಮೊಬೈಲಿನೊಳಗೆ ಇರುವುದು ಆ ಬಗೆಯ ಬ್ಯಾಟರಿಯೇ.

ಇನ್ನೂ ಹಲವರಿದ್ದಾರೆ. ಅಕಿರಾ ಹರಾಗುಚಿ ಎಂಬುವರು 2006ರಲ್ಲಿ ಗಣಿತದ 'ಪೈ' ಸಂಖ್ಯೆಯ 1,00,000 ಅಂಕೆಗಳನ್ನು ಹದಿನಾರು ಗಂಟೆಗೂ ಮೀರಿ ಬಾಯಲ್ಲಿ ಒಪ್ಪಿಸಿದರು. ಅವರ ಅಕ್ಷರಕ್ಕೆ ಸಾಕ್ಷಿ, ಪುರಾವೆ ಎಂದು ಅರ್ಥ! 2024ರಲ್ಲಿ ತೀರಿಕೊಂಡ ಚಿತ್ರಕಥೆಗಾರ ಅಕಿರಾ ತೊರಿಯಾಮಾರನ್ನು ನನ್ನ ತಮ್ಮ ನನಗಿಂತ ಚೆನ್ನಾಗಿ ಬಲ್ಲ.

ಆದರೆ ನಾನು ಬಹಳ ಹೊತ್ತು ನಿಂತದ್ದು ಅಕಿರಾ ಮಿಯಾವಾಕಿ ಅವರ ಬಳಿ. 1926ರ ಕೊನೆಯಲ್ಲಿ ಹೊಸ ಚಕ್ರವರ್ತಿ ಪಟ್ಟಕ್ಕೆ ಬಂದು 'ಷೋವಾ' ಶಕೆ ಆರಂಭವಾಯಿತು. ಆ ಶಕೆಯ ಹೆಸರಿನ ಮೊದಲಕ್ಷರವನ್ನೇ ಆಗ ಎಷ್ಟೋ ಗಂಡುಮಕ್ಕಳಿಗೆ ಇಟ್ಟರು. 1928ರಲ್ಲಿ ಒಕಾಯಾಮಾ ಸೀಮೆಯ ರೈತರ ಮನೆಯಲ್ಲಿ ಹುಟ್ಟಿದ ಮಿಯಾವಾಕಿಯವರ ಅಕ್ಷರ ಅದು. ಮೊದಲು ಅವರು ಅಭ್ಯಾಸ ಮಾಡಿದ್ದು ಕಳೆಗಿಡಗಳನ್ನು. ಮುಂದೆ ಜರ್ಮನಿಯಲ್ಲಿ ಕಲಿತು ಬಂದು, ತಮ್ಮ ದೇಶದ ಹಳೆಯ ಗುಡಿಗಳ ಸುತ್ತ ಉಳಿದ ಕಾಡುಗಳನ್ನು ಕಂಡರು. ದೇವರ ಭಯದಿಂದ ಯಾರೂ ಕೊಡಲಿ ಹಾಕದ ಕಾಡುಗಳು. ನಮ್ಮ ಕೊಡಗಿನ ದೇವರಕಾಡುಗಳನ್ನೂ ಕರಾವಳಿಯ ನಾಗಬನಗಳನ್ನೂ ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ನೆಲಕ್ಕೆ ಸಹಜವಾದ ಮರಗಳು ಯಾವುವೆಂಬುದು ಅಲ್ಲಿ ತಿಳಿಯುತ್ತಿತ್ತು. ಅವುಗಳ ಸಸಿಗಳನ್ನು ಚದರ ಮೀಟರಿಗೆ ಮೂರರಿಂದ ಐದರಂತೆ ಒತ್ತಾಗಿ ನೆಟ್ಟು, ಎರಡು ಮೂರು ವರ್ಷ ಕಳೆ ತೆಗೆದು, ಆಮೇಲೆ ಅವುಗಳ ಪಾಡಿಗೆ ಬಿಡುವುದು ಅವರ ಕ್ರಮ. ಬೆಳಕಿಗಾಗಿ ಸಸಿಗಳು ಒಂದನ್ನೊಂದು ಮೀರಿಸಿ ಏಳುತ್ತವೆ. ಬಿಡದಿಯ ಟೊಯೋಟಾ ಕಾರ್ಖಾನೆಯ ಆವರಣದಲ್ಲಿ ಈ ಕ್ರಮದ ಕಾಡು ಬೆಳೆದಿದೆ. ಮಿಯಾವಾಕಿಯವರು 2021ರಲ್ಲಿ ತೀರಿಕೊಂಡರು.

ಬೆಳಕಿಗಾಗಿ ಏಳುವ ಸಸಿಗಳ ವಿಷಯ ಓದಿದ ದಿನ ಒಂದು ಪ್ರಶ್ನೆ ಹುಟ್ಟಿತು. ಅಲ್ಲಿನ ಯಾವ ಅಕಿರಾನನ್ನು ಕೇಳಿದರೂ, ತನ್ನ ಹೆತ್ತವರು ತನಗೆ ಯಾವ ಬೆಳಕನ್ನು ಬಯಸಿದರೆಂದು ಅಂಗೈಯಲ್ಲಿ ಬರೆದು ತೋರಿಸುವನು. ನನ್ನದು ಯಾವ ಪ್ರಕಾಶ? ಇಪ್ಪತ್ತು ವರ್ಷ ಈ ಹೆಸರನ್ನು ಹೊತ್ತಿದ್ದೆನು. ಯಾಕಿಟ್ಟಿರಿ ಎಂದು ಮನೆಯಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಆ ಶನಿವಾರ ಊರಿಗೆ ಹೋದಾಗ ಅಪ್ಪ ಜಗುಲಿಯ ಮೇಲೆ ತೆಂಗಿನಕಾಯಿ ಸುಲಿಯುತ್ತಿದ್ದರು. ಹೆಸರು ಬದಲಾಯಿಸುವ ಮಾತನ್ನು ಹೇಗೆ ತೆಗೆಯುವುದೆಂದು ತಿಳಿಯದೆ, ಮೊದಲು ಇದನ್ನೇ ಕೇಳಿದೆನು. ಅಪ್ಪ ಕಾಯಿ ಸುಲಿಯುವುದನ್ನು ನಿಲ್ಲಿಸಲಿಲ್ಲ.

"ನಿನಗಿಂತ ಮುಂಚೆ ಒಂದು ಹೆಣ್ಣು ಕೂಸಿತ್ತು ಕಣ್ಲಾ" ಎಂದರು.

ನನಗೆ ಇದು ತಿಳಿದಿರಲಿಲ್ಲ. ಊರಿಗೆ ಕರೆಂಟು ಬಂದು ಬಹಳ ಕಾಲವಾಗಿತ್ತು; ತೋಟದೊಳಗಿನ ನಮ್ಮ ಮನೆಗೆ ಮಾತ್ರ ಬಂದಿರಲಿಲ್ಲ. ಆ ಕೂಸು ಹುಟ್ಟಿದ ರಾತ್ರಿ ಮಳೆ. ಬುಡ್ಡಿಯಲ್ಲಿ ಸೀಮೆಎಣ್ಣೆ ತೀರಿತು. ಸೂಲಗಿತ್ತಿಗೆ ಕೈ ತಡಕಾಟ. ಅಪ್ಪ ಎಣ್ಣೆಗೆಂದು ಊರಿಗೆ ಓಡಿ, ಯಾರದೋ ಬಾಗಿಲು ಬಡಿದು ಎಬ್ಬಿಸಿ, ತಂದು ದೀಪ ಹಚ್ಚುವ ಹೊತ್ತಿಗೆ ಕೂಸು ಇರಲಿಲ್ಲ. "ಬೆಳಕಿದ್ರೆ ಉಳೀತಿತ್ತೋ ಇಲ್ವೋ, ಅದು ಬ್ಯಾರೆ. ಮಖ ಆದ್ರೂ ನೋಡ್ತಿದ್ವಿ" ಎಂದರು. ಮುಂದಿನ ಸಲ ಅವ್ವ ಬಸುರಾದಾಗ ಎರಡು ಕುರಿ ಮಾರಿ ಕಂಬದಿಂದ ತಂತಿ ಎಳೆಸಿ ಮೀಟರು ಹಾಕಿಸಿದರು. ನಾನು ಹುಟ್ಟುವಾಗ ನಡುಮನೆಯಲ್ಲಿ ಒಂದು ಬಲ್ಬು ಉರಿಯುತ್ತಿತ್ತು. ಹೆಸರಿಡುವ ದಿನ ಶಾಲೆಯ ಮೇಷ್ಟರನ್ನು ಕರೆದು, ಕರೆಂಟಿಗೆ ಒಳ್ಳೆಯ ಮಾತಿನಲ್ಲಿ ಏನೆನ್ನುವರೆಂದು ಕೇಳಿದರಂತೆ.

ಒಳಗೆ ಅವ್ವ ಪಾತ್ರೆ ತೊಳೆಯುತ್ತಿದ್ದ ಸದ್ದು ನಿಂತಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಕೇಳಿಸಿತು.

ಏನು ಹೇಳಬೇಕೆಂದು ತೋಚದೆ ನಾನು ಜಪಾನಿನ ಅಕ್ಷರಗಳ ವಿಚಾರ ಹೇಳತೊಡಗಿದೆನು. ಅಪ್ಪನಿಗೆ ಅದು ಹಿಡಿಸಿತು. "ಎಲ್ಲಿ, ಬರೆದು ತೋರ್ಸು" ಎಂದರು. ಚೀಲದಲ್ಲಿ ಬೇರೆ ಕಾಗದ ಸಿಗಲಿಲ್ಲ; ಛಾಪಾ ಕಾಗದವನ್ನೇ ಮಗುಚಿ, ಅದರ ಹಿಂಬದಿಯಲ್ಲಿ ಸೂರ್ಯನನ್ನೂ ಚಂದ್ರನನ್ನೂ ಪಕ್ಕಪಕ್ಕದಲ್ಲಿ ಬರೆದೆನು. ಅಪ್ಪ ಅದನ್ನು ಬಲ್ಬಿನ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದರು.

"ಸೂರ್ಯ ಚಂದ್ರ ಇಬ್ರೂ ಅವ್ರೆ, ಸರಿ" ಎಂದರು. "ಇಬ್ರೂ ಇದ್ರೂವೆ ಒಳಗೆ ಕತ್ಲೆನೇ ಇತ್ತಲ್ಲೋ ಮಗ."

ಆ ಕಾಗದ ಈಗಲೂ ನನ್ನ ಟ್ರಂಕಿನಲ್ಲಿದೆ. ಹಿಂಬದಿಯಲ್ಲಿ ಗೀಚಿದ್ದರಿಂದ ಅದು ಇನ್ನು ಅರ್ಜಿಗೆ ಬಾರದು.